ಮೂರು ಮನೆಗಳ ವಿದ್ಯೆ: ಮಕ್ಕಳ ಮನೋವಿಜ್ಞಾನದ ಸ್ನಾತಕೋತ್ತರ ಅಧ್ಯಯನ

ಮಕ್ಕಳ ಮನೋವಿಜ್ಞಾನವನ್ನು ಸ್ನಾತಕೋತ್ತರ ಹಂತದಲ್ಲಿ ಓದಬೇಕೆಂದು ಹೊರಟ ವಿದ್ಯಾರ್ಥಿಗೆ ಭಾರತದ ವಿಶ್ವವಿದ್ಯಾಲಯಗಳಲ್ಲಿ ಆ ಹೆಸರಿನ ಬಾಗಿಲು ಸುಲಭವಾಗಿ ಕಾಣುವುದಿಲ್ಲ. ಮನೋವಿಜ್ಞಾನ ವಿಭಾಗಗಳಲ್ಲಿ ಅದು ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಪದವಿಯ ಒಳಗಿನ ಒಂದೆರಡು ಪತ್ರಿಕೆಗಳಾಗಿಯೂ, ಗೃಹವಿಜ್ಞಾನ ಕಾಲೇಜುಗಳಲ್ಲಿ ‘ಮಾನವ ವಿಕಾಸ’ ಎಂಬ ಪ್ರತ್ಯೇಕ ಶಾಖೆಯಾಗಿಯೂ, ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸಾ ಮನೋವಿಜ್ಞಾನದ ತರಬೇತಿಯ ಒಂದು ಅವಧಿಯಾಗಿಯೂ ಹಂಚಿಹೋಗಿದೆ. ಮೊದಲ ಮನೆ ಸಿದ್ಧಾಂತವನ್ನು ಹೇಳಿಕೊಡುತ್ತದೆ, ಎರಡನೆಯದು ಆರೋಗ್ಯವಂತ ಮಗುವನ್ನು ತೋರಿಸುತ್ತದೆ, ಮೂರನೆಯದು ಕಷ್ಟದಲ್ಲಿರುವ ಮಗುವನ್ನು ಕರೆತಂದು ಎದುರಿಗೆ ಕೂರಿಸುತ್ತದೆ. ಈ ಮೂರನ್ನೂ ಒಬ್ಬ ವಿದ್ಯಾರ್ಥಿ ಒಂದೇ ಪದವಿಯಲ್ಲಿ ಕಾಣುವುದು ಅಪರೂಪವಾದ್ದರಿಂದ, ಈ ವಿದ್ಯೆಯನ್ನು ಕಲಿಯುವುದೆಂದರೆ ಬಹುಮಟ್ಟಿಗೆ ಅದನ್ನು ತಾನೇ ಜೋಡಿಸಿಕೊಳ್ಳುವುದು ಎಂದಾಗಿದೆ. ಆದರೆ ಮೂರು ಮನೆಗಳಿಗೂ ಸಮಾನವಾದ ಒಂದು ಕೊರತೆಯಿದೆ. ಮಗುವನ್ನು ಅಳೆಯುವುದನ್ನು ಇವು ಬೇಗ ಕಲಿಸುತ್ತವೆ. ಮಗು ಆಡುವ ಭಾಷೆಯಲ್ಲಿ ಅದನ್ನು ಕೇಳಿಸಿಕೊಳ್ಳುವುದನ್ನು ತಡವಾಗಿ ಕಲಿಸುತ್ತವೆ, ಕೆಲವೊಮ್ಮೆ ಕಲಿಸುವುದೇ ಇಲ್ಲ.

ಈ ಹಂಚಿಕೆಗೆ ಇತಿಹಾಸದ ಕಾರಣಗಳಿವೆ. ಭಾರತದಲ್ಲಿ ಮನೋವಿಜ್ಞಾನದ ಮೊದಲ ವಿಭಾಗ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಮೈಸೂರು ವಿಶ್ವವಿದ್ಯಾಲಯದ ವಿಭಾಗವು 1924ರಲ್ಲಿ, ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅಧ್ಯಯನ ಮಾಡಿ ಬಂದಿದ್ದ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಹುಟ್ಟಿತು. (1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ನಡೆಸಲು ಆರಂಭಿಸಿದವರೂ ಇವರೇ, ಕನ್ನಡ ಓದುಗರಿಗೆ ಅವರ ಆ ಮುಖವೇ ಹೆಚ್ಚು ಪರಿಚಿತ.) ಬುದ್ಧಿಶಕ್ತಿಯ ಬೇರೆ ಬೇರೆ ಕೆಲಸಗಳ ಹಿಂದೆ ಒಂದು ಸಾಮಾನ್ಯ ಅಂಶವಿದೆಯೆಂದು ಗಣಿತದ ಮೂಲಕ ವಾದಿಸಿದ ಸ್ಪಿಯರ್‌ಮನ್ನರ ಪರಂಪರೆಯಿಂದ ಬಂದ ವಿಭಾಗಕ್ಕೆ ಪ್ರಯೋಗಶಾಲೆ ಮತ್ತು ಮಾಪನಗಳೇ ಮುಖ್ಯವಾದುದು ಸಹಜ. ಆ ಕಾಲದ ಪದವಿ ತರಗತಿಯಲ್ಲಿ ಮಗುವು ಒಂದು ಅಧ್ಯಾಯವಾಗಿ ಬಂತೇ ಹೊರತು ವ್ಯಕ್ತಿಯಾಗಿ ಬರಲಿಲ್ಲ.

ಗೃಹವಿಜ್ಞಾನದ ದಾರಿ ಬೇರೆಯಾಗಿತ್ತು. 1932ರಲ್ಲಿ ಆರಂಭವಾದ ದೆಹಲಿಯ ಲೇಡಿ ಇರ್ವಿನ್ ಕಾಲೇಜು, ಸ್ವಾತಂತ್ರ್ಯದ ಬಳಿಕ ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಗೃಹವಿಜ್ಞಾನ ನಿಕಾಯ, ಕರ್ನಾಟಕದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಇವೆಲ್ಲ ಮಗುವಿನ ಊಟ, ಆಟ, ನಿದ್ದೆ, ತಾಯಿಯ ಕೆಲಸ, ಮನೆಯ ಆದಾಯ ಎಲ್ಲವನ್ನೂ ಒಂದೇ ಅಧ್ಯಯನದ ಒಳಗೆ ತಂದವು. ತರಬೇತಿಗಾಗಿ ಶಿಶುವಿಹಾರಗಳನ್ನು ನಡೆಸುವ ಪದ್ಧತಿ ಇಲ್ಲಿಯದೇ. ಮೂರು ವರ್ಷದ ಮಗು ಬೆಳಗ್ಗೆ ಎಷ್ಟು ಹೊತ್ತು ಒಂಟಿಯಾಗಿ ಆಡುತ್ತದೆ, ಇನ್ನೊಂದು ಮಗುವಿನ ಕೈಯ ಆಟಿಕೆಯನ್ನು ಹೇಗೆ ಕೇಳುತ್ತದೆ ಅಥವಾ ಕಸಿದುಕೊಳ್ಳುತ್ತದೆ ಎಂಬುದನ್ನು ವಾರಗಟ್ಟಲೆ ಕುಳಿತು ಬರೆದುಕೊಳ್ಳುವ ಶಿಸ್ತು ಗೃಹವಿಜ್ಞಾನದ ವಿದ್ಯಾರ್ಥಿನಿಗೆ ಇದ್ದಷ್ಟು ಮನೋವಿಜ್ಞಾನ ವಿಭಾಗದವರಿಗೆ ಇರಲಿಲ್ಲ. ಬರೋಡದಲ್ಲಿ ಪ್ರಮೀಳಾ ಫಾಟಕ್ ಅವರ ನೇತೃತ್ವದಲ್ಲಿ ನಡೆದ ದೀರ್ಘ ಅಧ್ಯಯನದ ಫಲವಾಗಿ, ಎರಡೂವರೆ ವರ್ಷದವರೆಗಿನ ಕೂಸುಗಳ ಚಲನೆ ಮತ್ತು ಮಾನಸಿಕ ವಿಕಾಸವನ್ನು ಅಳೆಯುವ ಭಾರತೀಯ ಮಾಪಕವೊಂದು ರೂಪುಗೊಂಡಿತು. ದೇಶದ ಶಿಶುವೈದ್ಯ ವಿಭಾಗಗಳಲ್ಲಿ ‘ದಾಸಿ’ ಎಂಬ ಹ್ರಸ್ವನಾಮದಿಂದ ಅದು ಇಂದಿಗೂ ಬಳಕೆಯಲ್ಲಿದೆ. ‘ಹೋಂ ಸೈನ್ಸ್’ ಎಂದರೆ ಅಡುಗೆ ಹೊಲಿಗೆ ಎಂದು ಹಗುರವಾಗಿ ಆಡಿಕೊಂಡವರು ಈ ಕೆಲಸದ ಘನತೆಯನ್ನು ಗಮನಿಸಿದ್ದು ಕಡಿಮೆ.

ಮೂರನೆಯ ಮನೆಯಾದ ಆಸ್ಪತ್ರೆಯ ಕಥೆ ಬೊಂಬಾಯಿಯಿಂದ ಆರಂಭವಾಗುತ್ತದೆ. ಇಂದು ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂದು ಹೆಸರಾಗಿರುವ ಶಾಲೆಯು 1937ರಲ್ಲಿ ತೆರೆದ ಮಕ್ಕಳ ಮಾರ್ಗದರ್ಶನ ಕೇಂದ್ರ ದೇಶದಲ್ಲೇ ಮೊದಲನೆಯದು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, ಮರುವರ್ಷವೇ ವೈದ್ಯಕೀಯ ಮನೋವಿಜ್ಞಾನದಲ್ಲಿ ಡಿಪ್ಲೊಮಾ ಶುರುವಾಯಿತು. 1974ರ ಡಿಸೆಂಬರಿನಲ್ಲಿ ಆ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಆ ಡಿಪ್ಲೊಮಾದ ಮುಂದಿನ ರೂಪವೇ ಚಿಕಿತ್ಸಾ ಮನೋವಿಜ್ಞಾನದ ಎರಡು ವರ್ಷದ ಎಂ.ಫಿಲ್. ಈ ಪದವಿಯ ವಿದ್ಯಾರ್ಥಿ ಬೇರೆ ಬೇರೆ ವಿಭಾಗಗಳಲ್ಲಿ ಸರದಿಯಂತೆ ಕೆಲಸ ಮಾಡುವಾಗ ಮಕ್ಕಳ ವಿಭಾಗದಲ್ಲೂ ಕೆಲವು ತಿಂಗಳು ಇರುತ್ತಾನೆ. ಮಕ್ಕಳ ಮನೋವಿಜ್ಞಾನಿಯೆಂದು ಕರೆಸಿಕೊಳ್ಳುವ ಬಹುಪಾಲು ಜನರ ನಿಜವಾದ ತರಬೇತಿ ಆ ತಿಂಗಳುಗಳಲ್ಲೇ ಆಗಿರುತ್ತದೆ.

ತರಗತಿಯ ಓದು ಸಾಮಾನ್ಯವಾಗಿ ‘ಬೆಳವಣಿಗೆ’ ಮತ್ತು ‘ವಿಕಾಸ’ಗಳ ವ್ಯತ್ಯಾಸದಿಂದ ತೊಡಗುತ್ತದೆ. ಎತ್ತರ, ತೂಕ, ಹಲ್ಲುಗಳಂತೆ ಅಳತೆಗೆ ಸಿಗುವ ಹೆಚ್ಚಳ ಬೆಳವಣಿಗೆ. ಮೊದಲಿಲ್ಲದ ಹೊಸ ಸಾಮರ್ಥ್ಯವೊಂದು ರೂಪ ತಳೆಯುವುದು ವಿಕಾಸ. ಅಲ್ಲಿಂದ ಮುಂದೆ ಇಬ್ಬರ ಹೆಸರು ತಪ್ಪದೆ ಬರುತ್ತದೆ: ಸ್ವಿಟ್ಜರ್‌ಲ್ಯಾಂಡಿನ ಜೀನ್ ಪಿಯಾಜೆ ಮತ್ತು ರಷ್ಯಾದ ಲೆವ್ ವಿಗೋಟ್‌ಸ್ಕಿ. ಇಬ್ಬರೂ 1896ರಲ್ಲಿ ಹುಟ್ಟಿದವರು; ಒಬ್ಬರು 1980ರವರೆಗೆ ಬದುಕಿ ಬರೆದರು, ಇನ್ನೊಬ್ಬರು 1934ರಲ್ಲಿ ಕ್ಷಯಕ್ಕೆ ಬಲಿಯಾದರು. ಮಗು ಜಗತ್ತಿನ ಮೇಲೆ ತಾನೇ ಕೈಯಾಡಿಸುತ್ತ ತನ್ನ ಅರಿವನ್ನು ಕಟ್ಟಿಕೊಳ್ಳುತ್ತದೆ ಎಂಬುದು ಪಿಯಾಜೆಯ ಕೇಂದ್ರ ವಿಚಾರ. ಹಿರಿಯರ ಅಥವಾ ಹೆಚ್ಚು ಬಲ್ಲ ಜೊತೆಗಾರರ ನೆರವಿನಲ್ಲಿ ಇಂದು ಮಾಡಿದ್ದನ್ನು ನಾಳೆ ತಾನಾಗಿಯೇ ಮಾಡುತ್ತದೆ ಎಂಬುದು ವಿಗೋಟ್‌ಸ್ಕಿಯ ವಿಚಾರ. ಒಂಟಿಯಾಗಿ ಮಾಡಬಲ್ಲದ್ದಕ್ಕೂ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಇರುವ ಅಂತರವನ್ನು ಆತ ‘ಸಮೀಪ ವಿಕಾಸ ವಲಯ’ ಎಂದು ಕರೆದ. ಜಗಲಿಯ ಮೇಲೆ ಅಕ್ಕ ತಮ್ಮನಿಗೆ ಚೌಕಾಬಾರದ ಕಾಯಿ ನಡೆಸುವುದನ್ನು ಹೇಳಿಕೊಡುವಾಗ, ಮೊದಲು ಅವನ ಬೆರಳು ಹಿಡಿದು ಮನೆ ಎಣಿಸಿ, ಆಮೇಲೆ ಬಾಯಲ್ಲಿ ಮಾತ್ರ ಎಣಿಸಿ, ಕೊನೆಗೆ ಅವನು ತಪ್ಪಿದಾಗ ಹುಬ್ಬೇರಿಸಿ ಸುಮ್ಮನಾಗುವ ಕ್ರಮದಲ್ಲಿ ಈ ಪರಿಭಾಷೆ ಸಂಪೂರ್ಣವಾಗಿ ಅಡಗಿದೆ. ಆದರೂ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಕೊಡುವ ಉದಾಹರಣೆ ಪಠ್ಯಪುಸ್ತಕದ ಜಿಗ್‌ಸಾ ಚಿತ್ರವೇ.

ಪಿಯಾಜೆಯ ಪ್ರಸಿದ್ಧ ಪ್ರಯೋಗವೊಂದನ್ನು ಸ್ನಾತಕೋತ್ತರ ಪ್ರಾಯೋಗಿಕ ತರಗತಿಗಳಲ್ಲಿ ಮಾಡಿಸುವುದುಂಟು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಎರಡರಲ್ಲೂ ಒಂದೇ ಇದೆಯೇ ಎಂದು ಐದು ವರ್ಷದ ಮಗುವನ್ನು ಕೇಳಲಾಗುತ್ತದೆ, ಅದು ಹೌದೆನ್ನುತ್ತದೆ. ಒಂದು ಲೋಟದ ನೀರನ್ನು ಅಗಲ ಬಟ್ಟಲಿಗೆ ಸುರಿದು ಮತ್ತೆ ಅದೇ ಪ್ರಶ್ನೆ ಕೇಳಿದರೆ, ಈಗ ಲೋಟದಲ್ಲೇ ಹೆಚ್ಚಿದೆ ಎನ್ನುತ್ತದೆ. ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂಬ ಅರಿವು ಇನ್ನೂ ಮೂಡಿಲ್ಲ ಎಂಬುದು ಪಿಯಾಜೆಯ ತೀರ್ಮಾನ. ಸ್ಕಾಟ್ಲೆಂಡಿನ ಮಾರ್ಗರೆಟ್ ಡೊನಾಲ್ಡ್‌ಸನ್ 1978ರ ತಮ್ಮ ಪುಸ್ತಕದಲ್ಲಿ ಇದನ್ನು ಪ್ರಶ್ನಿಸಿದರು. ಒಂದೇ ಪ್ರಶ್ನೆಯನ್ನು ದೊಡ್ಡವರು ಎರಡು ಸಲ ಕೇಳಿದರೆ, ಮೊದಲ ಉತ್ತರ ತಪ್ಪಾಗಿರಬೇಕೆಂದು ಮಗು ಊಹಿಸುವುದಿಲ್ಲವೇ? ಕನ್ನಡದ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚು ತೂಕವಿದೆ. ‘ಸರಿಯಾಗಿ ನೋಡಿ ಹೇಳು’ ಎಂದು ಹಿರಿಯರು ಮತ್ತೊಮ್ಮೆ ಕೇಳಿದರೆಂದರೆ ಉತ್ತರ ಬದಲಿಸಬೇಕೆಂಬುದು ಇಲ್ಲಿನ ಮಗುವಿಗೆ ಶಾಲೆಗೆ ಸೇರುವ ಮೊದಲೇ ಗೊತ್ತು. ಪ್ರಯೋಗ ಅಳೆದದ್ದು ತರ್ಕವನ್ನೋ ವಿಧೇಯತೆಯನ್ನೋ ಎಂಬ ಸಂಶಯವನ್ನು ವಿದ್ಯಾರ್ಥಿಯ ತಲೆಯಲ್ಲಿ ಬಿತ್ತದೆ ಹೋದರೆ ಆ ಪ್ರಾಯೋಗಿಕ ತರಗತಿ ವ್ಯರ್ಥ.

ತಾಯಿ ಮಗುವಿನ ಬಾಂಧವ್ಯದ ಸಿದ್ಧಾಂತಕ್ಕೂ ಇಂಥದೇ ತೊಡಕು ಇದೆ. ಬ್ರಿಟನ್ನಿನ ಜಾನ್ ಬೌಲ್ಬಿ ರೂಪಿಸಿದ ಈ ವಿಚಾರವನ್ನು ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡದ ಹಳ್ಳಿಗಳಲ್ಲಿ, ಬಳಿಕ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಪರಿಶೀಲಿಸಿ, ಒಂದು ವರ್ಷದ ಆಸುಪಾಸಿನ ಕೂಸನ್ನು ಅಪರಿಚಿತ ಕೋಣೆಯಲ್ಲಿ ಕೆಲವೇ ನಿಮಿಷ ತಾಯಿಯಿಂದ ಅಗಲಿಸಿ, ಆಕೆ ಮರಳಿದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಮೇಲೆ ಬಾಂಧವ್ಯದ ಬಗೆಯನ್ನು ಗುರುತಿಸುವ ಕ್ರಮವನ್ನು ಹಾಕಿಕೊಟ್ಟರು. ಹುಟ್ಟಿದಂದಿನಿಂದ ಅಜ್ಜಿಯ ಮಡಿಲು, ದೊಡ್ಡಮ್ಮನ ಸೊಂಟ, ಪಕ್ಕದ ಮನೆಯ ಹುಡುಗಿಯ ತೋಳು ಎಂದು ಕೈಯಿಂದ ಕೈಗೆ ಸಾಗುವ ಮಗು ತಾಯಿ ಮರಳಿದಾಗ ತಲೆಯೆತ್ತದೆ ಆಟ ಮುಂದುವರಿಸಿದರೆ ಅದನ್ನು ‘ತಪ್ಪಿಸಿಕೊಳ್ಳುವ ಬಾಂಧವ್ಯ’ವೆಂದು ಗುರುತು ಹಾಕುವುದು ಆತುರವಾದೀತು. ಭಾರತೀಯ ಬಾಲ್ಯದ ಒಳಲೋಕವನ್ನು ಕುರಿತು ಸುಧೀರ್ ಕಕ್ಕರ್ 1978ರಲ್ಲಿ ಪ್ರಕಟಿಸಿದ ಮನೋವಿಶ್ಲೇಷಣಾತ್ಮಕ ಕೃತಿ, ಬರೋಡದ ಟಿ.ಎಸ್. ಸರಸ್ವತಿಯವರು ಭಾರತೀಯ ಬಾಲ್ಯ ಮತ್ತು ಸಂಸ್ಕೃತಿಯ ಮೇಲೆ ನಡೆಸಿದ ಅಧ್ಯಯನಗಳು, ನಿಮ್ಹಾನ್ಸ್‌ನಲ್ಲಿ ದೀರ್ಘಕಾಲ ದುಡಿದ ಮಾಳವಿಕಾ ಕಪೂರ್ ಅವರ 1995ರ ಗ್ರಂಥ ಇವು ಈ ದಿಕ್ಕಿನಲ್ಲಿ ನೆರವಿಗೆ ಬರುತ್ತವೆ. ಹಲವು ಪಠ್ಯಕ್ರಮಗಳಲ್ಲಿ ಇಂಥವುಗಳ ಸ್ಥಾನ ಮುಖ್ಯ ಓದಿನಲ್ಲಲ್ಲ, ಹೆಚ್ಚುವರಿ ಓದಿನ ಪಟ್ಟಿಯಲ್ಲಿ.

ಈ ವಿದ್ಯೆಯ ಅತ್ಯಂತ ದಟ್ಟವಾದ ಭಾಗ ಮಾಪನ. ಕನ್ನಡಿಗರಿಗೆ ಇದರಲ್ಲೊಂದು ಹೆಮ್ಮೆಯ ಅಧ್ಯಾಯವಿದೆ. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಶಾಲಾ ಮಕ್ಕಳಿಗಾಗಿ ರೂಪಿಸಿದ ಬುದ್ಧಿ ಪರೀಕ್ಷೆಯನ್ನು ಧಾರವಾಡದಲ್ಲಿ ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ, 1934ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಅದರ ವಿವರ ಪ್ರಕಟಿಸಿದರು. 1940ರಲ್ಲಿ ಪುಸ್ತಕ ಬಂತು. ಪರೀಕ್ಷೆಯ ಒಳತತ್ತ್ವ ಸರಳ. ಯಾವ ವಯಸ್ಸಿನ ಬಹುಪಾಲು ಮಕ್ಕಳು ಯಾವ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ ಎಂಬುದನ್ನು ಮೊದಲೇ ಕಂಡುಕೊಂಡು, ಪರೀಕ್ಷೆಗೆ ಕುಳಿತ ಮಗು ಯಾವ ವಯಸ್ಸಿನ ಪ್ರಶ್ನೆಗಳವರೆಗೆ ತಲುಪುತ್ತದೆ ಎಂದು ನೋಡಿದರೆ ಅದು ಅದರ ‘ಮಾನಸಿಕ ವಯಸ್ಸು’. ಅದನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬುದ್ಧಿಲಬ್ಧ, ಅಂದರೆ ಜನ ಆಡುವ ಮಾತಿನಲ್ಲಿ ಐ.ಕ್ಯೂ. ಎಂಟು ವರ್ಷದ ಮಗು ಆರು ವರ್ಷದ ಪ್ರಶ್ನೆಗಳಿಗಷ್ಟೇ ಉತ್ತರಿಸಿದರೆ ಅದರ ಬುದ್ಧಿಲಬ್ಧ 75. ಪ್ಯಾರಿಸ್ಸಿನ ಶಾಲೆಗಳಿಗಾಗಿ ಹುಟ್ಟಿದ ಪರೀಕ್ಷೆ ಮೂವತ್ತು ವರ್ಷದೊಳಗೆ ಧಾರವಾಡದ ಮಕ್ಕಳ ಬಾಯಿಗೆ ಬಂದದ್ದು ಸಣ್ಣ ಸಂಗತಿಯಲ್ಲ. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಆಸ್ಪತ್ರೆಗಳಲ್ಲಿ, ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ನಡೆಯುವ ತಪಾಸಣೆಗಳಲ್ಲಿ ಬಳಕೆಯಾಗುತ್ತಿದೆ.

ಹೆಮ್ಮೆಯ ಜೊತೆಗೆ ಸಮಸ್ಯೆಯೂ ಅಲ್ಲಿಯೇ ಇದೆ. ಪ್ರತಿಯೊಂದು ಪರೀಕ್ಷೆಯೂ ‘ಮಾನಕ’ದ ಮೇಲೆ, ಅಂದರೆ ಒಂದು ಕಾಲದ ಒಂದು ಪ್ರದೇಶದ ಮಕ್ಕಳ ಸರಾಸರಿ ಸಾಧನೆಯ ಮೇಲೆ ನಿಂತಿರುತ್ತದೆ. ಶಾಲೆ, ಆಹಾರ, ಟಿವಿ, ಮೊಬೈಲು ಎಲ್ಲವೂ ಬದಲಾದ ಮೇಲೆ ಹಳೆಯ ಸರಾಸರಿಯೊಂದಿಗೆ ಇಂದಿನ ಮಗುವನ್ನು ಹೋಲಿಸಿದರೆ ಅಂಕ ಸಾಮಾನ್ಯವಾಗಿ ಹೆಚ್ಚೇ ಬರುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. ಅದರ ಪರಿಣಾಮ ಕಾಗದದ ಮೇಲೆ ಉಳಿಯುವುದಿಲ್ಲ. ಸೌಲಭ್ಯಕ್ಕೆ ಅರ್ಹವಾದ ಮಗು ಕೆಲವು ಅಂಕಗಳಿಂದ ಹೊರಗುಳಿಯಬಹುದು. ಎ.ಜೆ. ಮಾಲಿನ್ ನಾಗಪುರದಲ್ಲಿ ಅಮೆರಿಕದ ವೆಕ್ಸ್ಲರ್ ಪರೀಕ್ಷೆಯನ್ನು ಭಾರತೀಯ ಮಕ್ಕಳಿಗೆ ಹೊಂದಿಸಿ 1969ರಲ್ಲಿ ಹೊರತಂದ ಮಾಪಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಜೆ. ಭರತ್ ರಾಜ್ ಅವರು 1971ರಲ್ಲಿ ಸೆಗ್ಯಾ ಫಾರ್ಮ್ ಬೋರ್ಡ್‌ಗೆ ಭಾರತೀಯ ಮಾನಕಗಳನ್ನು ಕೊಟ್ಟರು. ವೃತ್ತ, ನಕ್ಷತ್ರ, ಶಿಲುಬೆ ಮುಂತಾದ ಹತ್ತು ಮರದ ತುಂಡುಗಳನ್ನು ಅವುಗಳ ಗುಳಿಗಳಲ್ಲಿ ಮಗು ಎಷ್ಟು ಬೇಗ ಕೂರಿಸುತ್ತದೆ ಎಂದು ಮೂರು ಸಲ ಗಡಿಯಾರ ಹಿಡಿದು ನೋಡಿ, ಅತಿ ಕಡಿಮೆ ಸಮಯವನ್ನು ಲೆಕ್ಕಕ್ಕೆ ಹಿಡಿಯುವ ಈ ಪರೀಕ್ಷೆಯಲ್ಲಿ ಮಾತಿನ ಅಗತ್ಯ ಇಲ್ಲವಾದ್ದರಿಂದ ಭಾಷೆಯ ತಂಟೆ ಕಡಿಮೆ.

ಭಾಷೆಯ ತಂಟೆ ಎಷ್ಟು ಸೂಕ್ಷ್ಮವಾದುದು ಎಂಬುದಕ್ಕೆ ಅಂಕಿ ನೆನಪಿನ ಪರೀಕ್ಷೆಯೊಂದೇ ಸಾಕು. ಪರೀಕ್ಷಕ ಕೆಲವು ಅಂಕಿಗಳನ್ನು ಹೇಳಿ, ಅದೇ ಕ್ರಮದಲ್ಲಿ ಮರಳಿ ಹೇಳುವಂತೆ ಮಗುವನ್ನು ಕೇಳುತ್ತಾನೆ. ಎಷ್ಟು ಅಂಕಿಗಳವರೆಗೆ ತಪ್ಪಿಲ್ಲದೆ ಹೇಳಿತೋ ಅದು ಅದರ ತಾತ್ಕಾಲಿಕ ಸ್ಮೃತಿಯ ಅಳತೆ. ಒಂದರಿಂದ ಒಂಬತ್ತರವರೆಗೆ ಇಂಗ್ಲಿಷ್ ಅಂಕಿಗಳಲ್ಲಿ ಏಳನ್ನುಳಿದು ಎಲ್ಲವೂ ಒಂದೇ ಉಚ್ಚಾರಾಂಶದವು. ಕನ್ನಡದಲ್ಲಿ ಒಂದೂ ಹಾಗಿಲ್ಲ. ಎಲ್ಲಕ್ಕೂ ಎರಡಾದರೂ ಬೇಕು, ‘ಎರಡು’, ‘ಒಂಬತ್ತು’ಗಳಿಗೆ ಮೂರು. ಉಚ್ಚರಿಸಲು ಹೆಚ್ಚು ಹೊತ್ತು ಹಿಡಿಯುವ ಪದಗಳು ನೆನಪಿನಲ್ಲಿ ಕಡಿಮೆ ನಿಲ್ಲುತ್ತವೆ ಎಂಬುದು ಸ್ಮೃತಿ ಸಂಶೋಧನೆಯಲ್ಲಿ ನೆಲೆಗೊಂಡ ಸಂಗತಿ. ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಮೇಲೆ ನಡೆಸಿ 1980ರಲ್ಲಿ ಪ್ರಕಟವಾದ ಅಧ್ಯಯನವೊಂದು, ವೆಲ್ಷ್ ಅಂಕಿಗಳನ್ನು ಉಚ್ಚರಿಸಲು ಹಿಡಿಯುವ ಹೆಚ್ಚಿನ ಸಮಯದಿಂದಲೇ ಆ ಭಾಷೆಯ ಮಕ್ಕಳ ಅಂಕ ಕಡಿಮೆ ಬರುತ್ತದೆ ಎಂದು ತೋರಿಸಿತು. ಹಾಗಿರುವಾಗ ಇಂಗ್ಲಿಷ್ ಮಾನಕವನ್ನು ಎದುರಿಗಿಟ್ಟುಕೊಂಡು ಕನ್ನಡದ ಮಗುವಿಗೆ ‘ನೆನಪಿನ ಶಕ್ತಿ ಸರಾಸರಿಗಿಂತ ಕೆಳಗೆ’ ಎಂದು ವರದಿ ಬರೆಯುವವನು ಅಳೆದದ್ದು ಮಗುವಿನ ನೆನಪನ್ನಲ್ಲ, ‘ಒಂಬತ್ತು’ ಎಂಬ ಪದದ ಉದ್ದವನ್ನು.

ಓದುವ ಕಲಿಕೆಯಲ್ಲಿ ಭಾಷೆಯ ಈ ತಂಟೆ ಇನ್ನೂ ಸ್ಪಷ್ಟ. ಇಂಗ್ಲಿಷ್ ಓದಿನ ಸಂಶೋಧನೆ ‘ಧ್ವನಿಮಾ ಅರಿವು’ ಎಂಬ ಸಾಮರ್ಥ್ಯಕ್ಕೆ, ಅಂದರೆ ಪದವನ್ನು ಅದರ ಅತಿ ಸಣ್ಣ ಧ್ವನಿಗಳಾಗಿ ಬಿಡಿಸುವ ಶಕ್ತಿಗೆ, ಬಹಳ ಮಹತ್ವ ಕೊಡುತ್ತದೆ. ‘ಮರ’ ಎಂಬ ಪದದ ಮೊದಲ ಧ್ವನಿಯನ್ನು ತೆಗೆದರೆ ಏನು ಉಳಿಯುತ್ತದೆ ಎಂದು ಕೇಳಿದರೆ ಪುಸ್ತಕದ ಪ್ರಕಾರ ಸರಿಯುತ್ತರ ‘ಅರ’. ಎರಡನೆಯ ತರಗತಿಯ ಕನ್ನಡ ಮಗು ತಡವರಿಸದೆ ಹೇಳುವುದು ‘ರ’. ಅದರ ಮಟ್ಟಿಗೆ ‘ಮ’ ಒಂದೇ ಅಕ್ಷರ, ಒಡೆಯದ ಘಟಕ. ಬೆಂಗಳೂರಿನಲ್ಲಿ ಸೋನಾಲಿ ನಾಗ್ ಅವರು ಕನ್ನಡ ಓದಿನ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಕಲಿಕೆ ಇಂಗ್ಲಿಷಿನಂತೆ ಒಂದೆರಡು ವರ್ಷಗಳಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳಿಗೆ ಹರಡಿರುತ್ತದೆ, ಧ್ವನಿಮಾ ಅರಿವು ನಿಧಾನವಾಗಿ ಮೂಡುತ್ತದೆ ಎಂಬುದನ್ನು ಸ್ಥಾಪಿಸಿತು. ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿದರೆ ಮಗು ಗುರುತಿಸಬೇಕಾದ ಲಿಪಿರೂಪಗಳು ನೂರಾರು. ಮೂರನೆಯ ತರಗತಿಯಲ್ಲಿ ‘ಕತ್ತೆ’ಯನ್ನು ‘ಕತೆ’ ಎಂದು ಓದುವ, ‘ಧ’ ಮತ್ತು ‘ದ’ಗಳನ್ನು ಅದಲುಬದಲು ಮಾಡುವ ಮಗುವಿಗೆ ಕಲಿಕಾ ನ್ಯೂನತೆಯಿದೆಯೇ ಅಥವಾ ಅದು ಕನ್ನಡ ಲಿಪಿಯನ್ನು ಕಲಿಯುವ ಸಹಜ ದಾರಿಯ ನಡುವೆ ಇದೆಯೇ ಎಂದು ಹೇಳಲು ಈ ತಿಳಿವಳಿಕೆ ಬೇಕು. ಅದಿಲ್ಲದೆ ಕೊಟ್ಟ ರೋಗನಾಮ ಊಹೆಯಷ್ಟೆ.

ಇಂಥ ರೋಗನಾಮ ಕೊಡುವುದರ ಹಿಂದೆ ಕಾನೂನಿನ ಒತ್ತಡವೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಆಟಿಸಂ ಮತ್ತು ಬೌದ್ಧಿಕ ಅಂಗವೈಕಲ್ಯಗಳ ಜೊತೆಗೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಪಟ್ಟಿಗೆ ಸೇರಿಸಿತು. 2018ರ ಮಾರ್ಗಸೂಚಿ ಕಲಿಕಾ ನ್ಯೂನತೆಯ ನಿರ್ಣಯಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸಮೂಹವನ್ನೇ ಬಳಸಬೇಕೆಂದು ಹೇಳಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮುಂತಾದವು ಇಂಥ ಪ್ರಮಾಣಪತ್ರವನ್ನು ಅವಲಂಬಿಸಿರುವುದರಿಂದ, ಪರೀಕ್ಷೆಯ ಋತು ಹತ್ತಿರವಾದಂತೆ ಪೋಷಕರು ಮನೋವಿಜ್ಞಾನಿಯನ್ನು ಹುಡುಕಿಕೊಂಡು ಬರುತ್ತಾರೆ. ವರದಿಗೆ ಸಹಿ ಹಾಕುವವನ ಪೆನ್ನಿಗೆ ಈಗ ಇರುವ ಅಧಿಕಾರ ಅವನ ಗುರುಗಳ ಕಾಲದಲ್ಲಿ ಇರಲಿಲ್ಲ.

ಬಾಲನ್ಯಾಯದ ಕ್ಷೇತ್ರದಲ್ಲಿ ಆ ಅಧಿಕಾರ ಭಯ ಹುಟ್ಟಿಸುವಷ್ಟಿದೆ. 2015ರ ಬಾಲನ್ಯಾಯ ಕಾಯ್ದೆಯ 15ನೆಯ ಕಲಮಿನ ಪ್ರಕಾರ, 16ರಿಂದ 18 ವರ್ಷದೊಳಗಿನ ಬಾಲಕ ಘೋರ ಅಪರಾಧದ ಆರೋಪ ಹೊತ್ತಾಗ, ಅಂಥ ಕೃತ್ಯ ಎಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮಗಳನ್ನು ಅರಿಯುವ ಶಕ್ತಿ ಅವನಿಗಿತ್ತೇ ಎಂಬ ಪ್ರಾಥಮಿಕ ಮೌಲ್ಯಮಾಪನ ನಡೆಯಬೇಕು; ಅವನನ್ನು ವಯಸ್ಕನಂತೆ ವಿಚಾರಣೆಗೆ ಗುರಿಪಡಿಸಬೇಕೇ ಎಂಬುದು ಅದರ ಮೇಲೆ ನಿಲ್ಲುತ್ತದೆ. ಈ ಮೌಲ್ಯಮಾಪನ ನಡೆಸುವ ಬಾಲನ್ಯಾಯ ಮಂಡಳಿಯಲ್ಲಿ ಮನೋವಿಜ್ಞಾನ ಬಲ್ಲ ಸದಸ್ಯರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಆದರೆ ತಿಂಗಳುಗಳ ಹಿಂದೆ, ಒಂದು ಕ್ಷಣದಲ್ಲಿ, ಒಬ್ಬ ಹುಡುಗನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಇಂದು ಎದುರು ಕೂರಿಸಿಕೊಂಡು ಹೇಳಬಲ್ಲ ಪ್ರಮಾಣೀಕೃತ ಪರೀಕ್ಷೆ ಯಾವುದೂ ಇಲ್ಲ. ಬುದ್ಧಿಲಬ್ಧ 100 ಇದೆ ಎಂಬುದು ಆ ಪ್ರಶ್ನೆಗೆ ಉತ್ತರವಲ್ಲ. ಈ ಮಿತಿಯನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯುವ ಧೈರ್ಯವನ್ನು ಕಲಿಸುವುದು ಸ್ನಾತಕೋತ್ತರ ವಿಭಾಗಗಳ ಹೊಣೆ. ಎಷ್ಟೋ ಕಡೆ ಕಾನೂನಿನ ಈ ಭಾಗ ಪಠ್ಯದಲ್ಲೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ ವಿಷಯವೂ ಹಾಗೆಯೇ. ಮಗು ಗುಟ್ಟಾಗಿ ಹೇಳಿದ ಲೈಂಗಿಕ ದೌರ್ಜನ್ಯವನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆಪ್ತಸಮಾಲೋಚನೆಯ ಮೊದಲ ಪಾಠವಾದ ಗೋಪ್ಯತೆಗೂ ಈ ಕರ್ತವ್ಯಕ್ಕೂ ನಡುವಿನ ಇಕ್ಕಟ್ಟನ್ನು ಮೊದಲ ಸಲ ಎದುರಿಸುವ ಜಾಗ ನೌಕರಿಯಾಗಬಾರದು.

ಮಕ್ಕಳ ಮನೋವಿಜ್ಞಾನಿಗಳಿಗಿರುವ ಬೇಡಿಕೆಯ ಗಾತ್ರವನ್ನು ಎರಡು ಅಧ್ಯಯನಗಳಿಂದ ಅಂದಾಜು ಮಾಡಬಹುದು. ಬೆಂಗಳೂರಿನ ನಗರ, ಕೊಳೆಗೇರಿ ಮತ್ತು ಗ್ರಾಮೀಣ ಭಾಗಗಳ 2,064 ಮಕ್ಕಳನ್ನು ಪರಿಶೀಲಿಸಿದ ನಿಮ್ಹಾನ್ಸ್ ತಂಡ 2005ರಲ್ಲಿ ಪ್ರಕಟಿಸಿದ ವರದಿಯಂತೆ 16 ವರ್ಷದೊಳಗಿನ ಶೇ. 12.5 ಮಕ್ಕಳಲ್ಲಿ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ನಾಲ್ಕು ವರ್ಷ ದಾಟಿದವರಲ್ಲಿ ಹೆಚ್ಚಾಗಿ ಕಂಡದ್ದು ಹಾಸಿಗೆಯಲ್ಲಿ ಮೂತ್ರ, ನಿರ್ದಿಷ್ಟ ಭಯಗಳು, ಅತಿಚಟುವಟಿಕೆ, ಉಗ್ಗು ಇಂಥವು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3 ಎಂದು ಕಂಡುಕೊಂಡಿತು. ಉಗ್ಗು, ಹಾಸಿಗೆ ಒದ್ದೆಯಾಗುವುದು ಮುಂತಾದವುಗಳಿಗೆ ದೊಡ್ಡ ಆಸ್ಪತ್ರೆ ಬೇಡ. ತಾಲ್ಲೂಕು ಮಟ್ಟದಲ್ಲಿ ಸರಿಯಾಗಿ ತರಬೇತಿ ಪಡೆದ ಒಬ್ಬರಿದ್ದರೆ ಸಾಕು.

ಆ ತರಬೇತಿ ಎಂಥದು ಎಂಬುದನ್ನು ಮಗುವಿನ ಇತಿಹಾಸ ಬರೆದುಕೊಳ್ಳುವ ಮೊದಲ ಗಂಟೆಯಲ್ಲೇ ಕಾಣಬಹುದು. ಫಾರಂನಲ್ಲಿ ಸಾಲಾಗಿ ಪ್ರಶ್ನೆಗಳಿರುತ್ತವೆ: ಕತ್ತು ನಿಂತದ್ದು ಎಷ್ಟನೇ ತಿಂಗಳಿಗೆ, ಮಗುಚಿಕೊಂಡದ್ದು, ಕುಳಿತದ್ದು, ಅಂಬೆಗಾಲಿಟ್ಟದ್ದು, ಮೊದಲ ಮಾತು ಆಡಿದ್ದು ಯಾವಾಗ. ತಿಂಗಳ ಲೆಕ್ಕದಲ್ಲಿ ಕೇಳಿದರೆ ತಾಯಿ ‘ಎಲ್ಲ ಸರಿಯಾಗೇ ಆಯ್ತು’ ಎನ್ನುತ್ತಾಳೆ, ಫಾರಂನಲ್ಲಿ ‘ಸಾಮಾನ್ಯ’ ಎಂದು ಬೀಳುತ್ತದೆ. ಅನುಭವಸ್ಥ ಮಾರ್ಗದರ್ಶಕಿ ಪಕ್ಕದಲ್ಲಿದ್ದರೆ ಪ್ರಶ್ನೆಯೇ ಬದಲಾಗುತ್ತದೆ: ಮಗು ಹೊಸ್ತಿಲು ದಾಟಿದ್ದು ಯಾವ ಹಬ್ಬದ ಹೊತ್ತಿಗೆ? ಕೂಸು ಮೊದಲ ಸಲ ಹೊಸ್ತಿಲು ದಾಟಿದಾಗ ಮನೆಯಲ್ಲಿ ಸಿಹಿ ಮಾಡುವ ರೂಢಿ ಅನೇಕ ಕಡೆ ಇರುವುದರಿಂದ ಆ ದಿನ ತಾಯಿಗೆ ನೆನಪಿರುತ್ತದೆ. ‘ಗೌರಿ ಹಬ್ಬ ಆಗಿತ್ತು, ಹುಟ್ಟಿದ್ದು ಹಿಂದಿನ ವರ್ಷದ ಯುಗಾದಿಗೆ’ ಎಂದು ಆಕೆ ಹೇಳಿದರೆ, ವಿದ್ಯಾರ್ಥಿ ಬೆರಳೆಣಿಸಿ ಹದಿನೇಳು ತಿಂಗಳು ಎಂದು ಬರೆದುಕೊಳ್ಳುತ್ತಾನೆ. ‘ಸಾಮಾನ್ಯ’ ಎಂದಿದ್ದ ಸಾಲು ವಿಳಂಬವಾಗಿ ಬದಲಾಗುತ್ತದೆ. ಮನೆಮಂದಿ ಬಳಸುವ ‘ಹಠ’, ‘ಮಂಕು’, ‘ಗಾಬರಿ ಬಿದ್ದಿದೆ’, ‘ದೃಷ್ಟಿ ತಗುಲಿದೆ’ ಎಂಬ ಒಂದೊಂದು ಮಾತಿನ ಹಿಂದೆಯೂ ಬೇರೆ ಬೇರೆ ಸಂಗತಿಗಳಿರುತ್ತವೆ. ‘ಮಂಕು’ ಎಂದಾಗ ಅದು ಕಿವಿ ಕೇಳಿಸದಿರುವುದೋ, ರಕ್ತಹೀನತೆಯೋ, ಬೌದ್ಧಿಕ ವಿಳಂಬವೋ, ದುಃಖವೋ ಎಂದು ಬಿಡಿಸುವ ಕೆಲಸ ಮಾತಿನ ಮೂಲಕವೇ ಆಗಬೇಕು. ಕರ್ನಾಟಕದ ಮಗು ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು ಆಡುತ್ತಿರಬಹುದೆಂಬುದು ಇದಕ್ಕೆ ಸೇರುವ ಮತ್ತೊಂದು ಸಿಕ್ಕು.

ಕಲಿಕೆಯ ಭಾಷೆಯಾದರೋ ಇಂಗ್ಲಿಷ್. ಎರಡು ವರ್ಷ ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ವರದಿ ಬರೆಯಲು ಕಲಿತವರಿಗೆ ‘ಆತಂಕ’ವನ್ನು ಏಳು ವರ್ಷದ ಹುಡುಗಿಗೆ ಕನ್ನಡದಲ್ಲಿ ಹೇಗೆ ಕೇಳಬೇಕೆಂಬುದು ಹೊಳೆಯುವುದಿಲ್ಲ. ಹಾಗೆಂದು ಕನ್ನಡದಲ್ಲಿ ಈ ಶಾಸ್ತ್ರದ ಮಾತಿಲ್ಲ ಎನ್ನಲಾಗದು. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮನೋವಿಜ್ಞಾನ ಕಲಿಸಿದ ಸಾ.ಕೃ. ರಾಮಚಂದ್ರರಾವ್ ಕನ್ನಡದಲ್ಲೂ ಬರೆದ ವಿದ್ವಾಂಸರು, ಎಂ. ಬಸವಣ್ಣನವರು ಮನೋವಿಜ್ಞಾನವನ್ನು ಕನ್ನಡಕ್ಕೆ ತರಲು ದುಡಿದರು, ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಮನೆಮನೆ ತಲುಪಿವೆ. ಇವು ಜನರಿಗೆ ಸಿಕ್ಕಿವೆ, ತರಗತಿಗೆ ಬಂದಿಲ್ಲ.

ಪದವಿಯ ಸ್ವರೂಪವೂ ಈಗ ಅಲುಗಾಡುತ್ತಿದೆ. ಹೊಸ ಶಿಕ್ಷಣ ನೀತಿಯ ಬಳಿಕ ಎಂ.ಫಿಲ್. ನಿಂತುಹೋದರೂ, ಚಿಕಿತ್ಸಾ ಮನೋವಿಜ್ಞಾನಕ್ಕೆ ಯುಜಿಸಿ 2025-26ರವರೆಗೆ ವಿನಾಯಿತಿ ಕೊಟ್ಟಿತು. 1992ರ ಕಾಯ್ದೆಯ ಅಡಿಯ ಭಾರತೀಯ ಪುನರ್ವಸತಿ ಪರಿಷತ್ತು ಚಿಕಿತ್ಸಾ ಮನೋವಿಜ್ಞಾನಿಗಳ ನೋಂದಣಿಯನ್ನು ನಡೆಸಿಕೊಂಡು ಬಂದಿದೆ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ಮನೋವಿಜ್ಞಾನಿಗಳನ್ನು ಇನ್ನೊಂದು ಆಯೋಗದ ವ್ಯಾಪ್ತಿಗೂ ತಂದಿದೆ. ಆ ಕಾಯ್ದೆಯ ವ್ಯಾಪ್ತಿಯ ವಿಷಯಗಳನ್ನು, ಮನೋವಿಜ್ಞಾನವೂ ಸೇರಿ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕಲಿಸಬಾರದೆಂದು ಯುಜಿಸಿ ಆದೇಶಿಸಿತು. ಕೆಲಸದಲ್ಲಿದ್ದುಕೊಂಡೇ ಓದಬಯಸಿದ ಶಿಕ್ಷಕಿಯರಿಗೆ, ಗೃಹಿಣಿಯರಿಗೆ ಇದು ನಷ್ಟವೇ ಹೌದು. ಆದರೂ ಮಗುವಿನ ವಿಷಯದಲ್ಲಿ ಆದೇಶ ಸರಿಯಾಗಿದೆ. ಒಂದು ಮಗುವನ್ನೂ ಎದುರು ಕೂರಿಸಿಕೊಳ್ಳದೆ ಮಕ್ಕಳ ಮನೋವಿಜ್ಞಾನದಲ್ಲಿ ಪದವಿ ಪಡೆಯುವ ದಾರಿ ಮುಚ್ಚಬೇಕಾಗಿತ್ತು. ತರಗತಿಯಲ್ಲೇ ಓದಿದವರಲ್ಲೂ ಹಾಗೆ ಪದವಿ ಪಡೆದವರಿದ್ದಾರೆ ಎಂಬುದನ್ನು ಆದೇಶ ಮುಟ್ಟಲಿಲ್ಲ, ಅಷ್ಟೆ.

ಆದ್ದರಿಂದ ಈ ವಿಷಯವನ್ನು ಓದಲು ಹೊರಟವರು ಕಾಲೇಜಿನ ಕೈಪಿಡಿಯಲ್ಲಿ ಪತ್ರಿಕೆಗಳ ಹೆಸರು ನೋಡಿ ತೃಪ್ತರಾಗದೆ, ಶುಲ್ಕ ಕಟ್ಟುವ ಮೊದಲು ವಿಭಾಗಕ್ಕೆ ಹೋಗಿ, ಎರಡು ವರ್ಷಗಳಲ್ಲಿ ಎಷ್ಟು ಮಕ್ಕಳನ್ನು ತಾವು ಖುದ್ದಾಗಿ ಪರೀಕ್ಷಿಸಲಿದ್ದೇವೆ, ಆಗ ಪಕ್ಕದಲ್ಲಿ ಯಾರು ಕುಳಿತಿರುತ್ತಾರೆ, ಮಾತು ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ಕೇಳಿ ಉತ್ತರ ಪಡೆಯುವುದು ಒಳ್ಳೆಯದು.